ಐಷಾರಾಮಿ ರೆಸಾರ್ಟ್‌ನಲ್ಲಿ ಎರಡು ರಾತ್ರಿ, ಹಣ ವಾಪಸ್ ಪಡೆಯಲು ಒಂಬತ್ತು ತಿಂಗಳು

ಕಳೆದ ವಾರ ₹29,912 ಖಾತೆಗೆ ಜಮಾ ಆಯಿತು. ಕೊಡಗಿನ ಒಂದು ‘ಪಂಚತಾರಾ’ ರೆಸಾರ್ಟ್‌ನಲ್ಲಿ ಎರಡು ರಾತ್ರಿ ತಂಗಿದ್ದಕ್ಕೆ ಕೊಟ್ಟ ಹಣದಲ್ಲಿ ವಾಪಸ್ ಬಂದ ಭಾಗ ಇದು. ನವೆಂಬರ್‌ನಲ್ಲಿ ಶುರುವಾದ ತಕರಾರು ಆಗಸ್ಟ್‌ನಲ್ಲಿ ಮುಗಿಯಿತು. ವಕೀಲರನ್ನು ಇಟ್ಟುಕೊಳ್ಳಲಿಲ್ಲ. ದಾರಿಯಲ್ಲಿ ಎಡವಿದ್ದು ಹಲವು ಕಡೆ. ಇದೇ ಸ್ಥಿತಿಯಲ್ಲಿ ಇರುವವರಿಗೆ ಉಪಯೋಗವಾಗಲಿ ಎಂದು ಎಲ್ಲವನ್ನೂ ಕ್ರಮವಾಗಿ ಬರೆಯುತ್ತಿದ್ದೇನೆ.

ರೆಸಾರ್ಟ್‌ನ ಹೆಸರು ಹಾಕುತ್ತಿಲ್ಲ. ರಾಜಿ ಆಗಿದೆ, ಹಣ ಬಂದಿದೆ. ಹೆಸರಿಗಿಂತ ವಿಧಾನ ಗೊತ್ತಾಗುವುದು ಮುಖ್ಯ.

ಬುಕ್ ಮಾಡಿದ್ದು ಒಂದು ಬುಕಿಂಗ್ ಆ್ಯಪ್ ಮೂಲಕ. ‘ಕಣಿವೆ ನೋಟದ ಪ್ರೀಮಿಯಂ ವಿಲ್ಲಾ, ಖಾಸಗಿ ಈಜುಕೊಳ, ಬಾತ್‌ಟಬ್’ ಎಂಬ ವಿವರಣೆ. ರಾತ್ರಿಗೆ ₹14,500. ಎರಡು ರಾತ್ರಿಗೆ ₹29,000, ಅದರ ಮೇಲೆ 18% ಜಿಎಸ್‌ಟಿ ₹5,220, ಒಟ್ಟು ₹34,220, ಮುಂಗಡವಾಗಿ ಪೂರ್ತಿ ಪಾವತಿ. ದಿನಕ್ಕೆ ₹7,500 ದಾಟಿದ ರೂಮಿಗೆ 18% ತೆರಿಗೆ ಸರಿಯಾದದ್ದೇ. 2025ರ ಸೆಪ್ಟೆಂಬರ್ 22ರಿಂದ ₹7,500 ಮತ್ತು ಅದಕ್ಕಿಂತ ಕಡಿಮೆ ಬಾಡಿಗೆಯ ರೂಮಿಗೆ ಮಾತ್ರ 5% ಆಗಿದೆ.

ಆ್ಯಪ್‌ನಲ್ಲಿ ಐದು ನಕ್ಷತ್ರ ಕಂಡಿತ್ತು. ಆ ನಕ್ಷತ್ರ ಯಾರು ಕೊಟ್ಟದ್ದು ಎಂದು ಬುಕ್ ಮಾಡುವಾಗ ನೋಡಿರಲಿಲ್ಲ. ಭಾರತದಲ್ಲಿ ಹೋಟೆಲಿಗೆ ಅಧಿಕೃತವಾಗಿ ತಾರೆ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ. ಅದು ಸ್ವಯಂಪ್ರೇರಿತ ವ್ಯವಸ್ಥೆ. ಹೋಟೆಲಿನವರು ಅರ್ಜಿ ಹಾಕಿಕೊಂಡರೆ ತಪಾಸಣೆ ನಡೆಯುತ್ತದೆ, ಪ್ರಮಾಣಪತ್ರ ಐದು ವರ್ಷ ಊರ್ಜಿತ. ಬುಕಿಂಗ್ ಆ್ಯಪ್‌ಗಳಲ್ಲಿ ಕಾಣುವ ನಕ್ಷತ್ರ ಎಷ್ಟೋ ಸಲ ಹೋಟೆಲಿನವರೇ ತುಂಬಿಕೊಟ್ಟದ್ದು ಅಥವಾ ಆ್ಯಪ್‌ನವರೇ ಲೆಕ್ಕ ಹಾಕಿದ್ದು. ಸಚಿವಾಲಯದ ‘ನಿಧಿ’ ಪೋರ್ಟಲ್‌ನಲ್ಲಿ ಹುಡುಕಿದರೆ ವರ್ಗೀಕರಣ ಆಗಿದೆಯೋ ಇಲ್ಲವೋ ತಿಳಿಯುತ್ತದೆ. ಈ ರೆಸಾರ್ಟ್ ಅಲ್ಲಿ ಸಿಗಲಿಲ್ಲ. ಹುಡುಕಿದ್ದು ಊರಿಗೆ ವಾಪಸ್ ಬಂದ ಮೇಲೆ. ನೀವು ಹೊರಡುವ ಮೊದಲೇ ಹುಡುಕಿ.

ಚೆಕ್-ಇನ್ ಸಮಯ ಮಧ್ಯಾಹ್ನ 2 ಗಂಟೆ. ಕೀ ಕೈಗೆ ಬಂದದ್ದು 4.40ಕ್ಕೆ. ಜೊತೆಗೆ ಉಬ್ಬಸದ ಅಮ್ಮ, ಎರಡು ವರ್ಷದ ಮಗು. ಲಾಬಿಯಲ್ಲಿ ಕೂರಿಸಿ ಎರಡು ಸಲ ಜ್ಯೂಸ್ ಕೊಟ್ಟರು. ‘ಹತ್ತೇ ನಿಮಿಷ ಸರ್’ ಎಂಬ ಮಾತು ಐದು ಸಲ ಕೇಳಿಬಂತು. ಇಲ್ಲಿ ಮಾಡಿದ ಒಂದು ಕೆಲಸ ಮುಂದೆ ನೆರವಿಗೆ ಬಂತು: ಕೀ ಸಿಕ್ಕ ಕೂಡಲೇ ರಿಸೆಪ್ಷನ್‌ನ ವಾಟ್ಸ್‌ಆ್ಯಪ್ ನಂಬರಿಗೆ ‘ಈಗ 4.40, ವಿಲ್ಲಾ ಕೀ ಸಿಕ್ಕಿತು’ ಎಂದು ಕಳಿಸಿದ್ದು. ‘ಥ್ಯಾಂಕ್ಯೂ ಸರ್’ ಎಂದು ಉತ್ತರ ಬಂತು. ತಡವಾದದ್ದನ್ನು ಅವರು ನಂತರ ಅಲ್ಲಗಳೆಯಲು ಆಗಲಿಲ್ಲ.

ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ರೂಮ್ ಫ್ರೆಶ್‌ನರ್‌ನ ದಟ್ಟ ವಾಸನೆ. ಮಳೆಗಾಲ ಮುಗಿದ ಹೊಸತರಲ್ಲಿ ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಕಡೆ ಹೋಗುವವರು ಈ ವಾಸನೆಯನ್ನು ಅನುಮಾನದಿಂದಲೇ ನೋಡಬೇಕು. ನಾಲ್ಕು ತಿಂಗಳು ಸುರಿದ ಮಳೆಯ ತೇವ ಹೊರಗೋಡೆಯಲ್ಲಿ ಉಳಿದಿರುತ್ತದೆ. ಬುಕಿಂಗ್ ಇಲ್ಲದ ದಿನಗಳಲ್ಲಿ ವಿಲ್ಲಾ ಮುಚ್ಚಿಟ್ಟಿರುತ್ತಾರೆ, ಗಾಳಿ ಆಡುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಎದುರಿಗೆ ಕಾಣುವ ಗೋಡೆಗೆ ಸುಣ್ಣಬಣ್ಣ ಬಳಿದಿರುತ್ತಾರೆ, ಹಾಗಾಗಿ ಅಲ್ಲಿ ನೋಡಿ ಪ್ರಯೋಜನವಿಲ್ಲ. ನೋಡಬೇಕಾದ ಜಾಗ ಮೂರು: ಹೊರಗೋಡೆಗೆ ತಾಗಿದ ವಾರ್ಡ್‌ರೋಬಿನ ಹಿಂಬದಿ ಹಲಗೆ, ಪರದೆಯ ಕೆಳಅಂಚು, ಮಂಚದ ತಲೆಹಲಗೆಯ ಹಿಂದೆ. ಫೋನಿನ ಟಾರ್ಚ್ ಹಚ್ಚಿ ತಲೆಹಲಗೆಯ ಹಿಂದೆ ನೋಡಿದಾಗ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು ಗೋಡೆಯಲ್ಲಿ ಒಂದೂವರೆ ಅಡಿ ಎತ್ತರದವರೆಗೆ ಹಬ್ಬಿದ್ದವು. ಬೆರಳು ಆಡಿಸಿದರೆ ಮಸಿಯಂತೆ ಅಂಟಿಕೊಂಡಿತು. ಅದೇ ಹೊತ್ತಿಗೆ ಹಾಸಿಗೆಯ ಅಂಚಿನ ಹೊಲಿಗೆಯ ಮಡಿಕೆಯನ್ನೂ ಬಿಡಿಸಿ ನೋಡಿದೆವು. ಹೊಲಿಗೆಯ ಮಡಿಕೆಯಲ್ಲಿ ತುಕ್ಕಿನ ಬಣ್ಣದ ಕಲೆ ಅಥವಾ ಕಾಳುಮೆಣಸಿನ ಪುಡಿಯಂಥ ಕಪ್ಪು ಚುಕ್ಕಿ ಇದ್ದರೆ ತಿಗಣೆ ಇದೆ ಎಂದೇ ಅರ್ಥ. ಪುಣ್ಯಕ್ಕೆ ಅದಿರಲಿಲ್ಲ. ಈ ಪರೀಕ್ಷೆ ಮುಗಿಯುವವರೆಗೆ ಸೂಟ್‌ಕೇಸನ್ನು ಹಾಸಿಗೆಯ ಮೇಲೆ ಇಡಬೇಡಿ, ಬಚ್ಚಲಿನ ಟೈಲ್ಸ್ ನೆಲದ ಮೇಲಿರಲಿ.

ಈಜುಕೊಳದ ನೀರು ಪಾಚಿ ಬಣ್ಣದ್ದು. ಕೊಳ ಇದ್ದದ್ದೇ ನಾಲ್ಕು ಅಡಿ ಆಳ, ತಳದ ಜಾಲರಿ ಕಾಣುತ್ತಿರಲಿಲ್ಲ. ತಳದ ಜಾಲರಿ ಸ್ಪಷ್ಟವಾಗಿ ಕಾಣದ ಕೊಳಕ್ಕೆ ಮಕ್ಕಳಿರಲಿ, ದೊಡ್ಡವರೂ ಇಳಿಯಬಾರದು. ಮುಳುಗಿದವರು ಮೇಲಿನಿಂದ ಕಾಣುವುದಿಲ್ಲ ಎಂಬುದು ಮೊದಲ ಕಾರಣ, ಕ್ಲೋರಿನ್ ಸಾಲದು ಎಂಬುದು ಎರಡನೆಯದು. ಕೊಳದ ನೀರಿನಲ್ಲಿ ಕ್ಲೋರಿನ್ ಸಾಮಾನ್ಯವಾಗಿ 1ರಿಂದ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಇಷ್ಟು ಭಾಗ), ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಇದರ ದಿನಚರಿ ಪುಸ್ತಕ ಇಟ್ಟಿರುವ ಕಡೆ ಕೇಳಿದರೆ ತೋರಿಸುತ್ತಾರೆ. ಇಲ್ಲಿ ಕೇಳಿದಾಗ ‘ಪೂಲ್ ಬಾಯ್ ರಜೆಯಲ್ಲಿದ್ದಾನೆ ಸರ್’ ಎಂದರು. ಆ ಮಾತು ವಿಡಿಯೊದಲ್ಲಿ ದಾಖಲಾಗಿತ್ತು.

ಕಣಿವೆ ನೋಟದ ಜಾಗದಲ್ಲಿ ಹೊಸ ಬ್ಲಾಕ್ ಕಟ್ಟುತ್ತಿದ್ದರು. ಬಾಲ್ಕನಿಯಿಂದ ಕಂಡದ್ದು ಕಾಂಕ್ರೀಟ್ ಕಂಬ, ಹಸಿರು ಬಲೆ. ಸಂಜೆ ಆರರವರೆಗೂ ಗ್ರೈಂಡರ್ ಸದ್ದು ನಿಲ್ಲಲಿಲ್ಲ.

ಇನ್ನು ಬಿಸಿನೀರು. ದೂರಿನಲ್ಲಿ ಅತಿ ಗಟ್ಟಿಯಾಗಿ ನಿಂತ ಅಂಶವೇ ಇದಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾತ್‌ಟಬ್ ಇತ್ತು, ಅದಕ್ಕೆ ನೀರು ಕೊಡುತ್ತಿದ್ದದ್ದು ಫಾಲ್ಸ್ ಸೀಲಿಂಗ್ ಮೇಲಿನ ಒಂದೇ 15 ಲೀಟರ್ ಗೀಸರ್. ಲೆಕ್ಕ ಹಾಕಿ: 20 ಡಿಗ್ರಿಯ 15 ಲೀಟರ್ ನೀರನ್ನು 65 ಡಿಗ್ರಿಗೆ ಕಾಯಿಸಲು 2 ಕಿಲೋವಾಟ್ ಗೀಸರಿಗೆ ಸುಮಾರು 24 ನಿಮಿಷ ಬೇಕು. ಆ ನೀರಿಗೆ ತಣ್ಣೀರು ಬೆರೆಸಿ 40 ಡಿಗ್ರಿಗೆ ಇಳಿಸಿದರೆ ಸಿಗುವುದು ಸುಮಾರು 34 ಲೀಟರ್. ಅಂದರೆ ಎರಡು ಬಕೆಟ್. ಟಬ್ಬಿನಲ್ಲಿ ಕೂತು ಸ್ನಾನ ಮಾಡಲು ಕನಿಷ್ಠ 120 ಲೀಟರಾದರೂ ಬೇಕು. ಮೂರೂವರೆ ಸಲ ಗೀಸರ್ ಕಾಯಬೇಕು. ಅಷ್ಟು ಹೊತ್ತಿಗೆ ಮೊದಲು ಬಿಟ್ಟ ನೀರು ತಣ್ಣಗಾಗಿರುತ್ತದೆ. ಹಾಗಾಗಿ ಆ ಬಚ್ಚಲಿನಲ್ಲಿ ಬಾತ್‌ಟಬ್ ಬಳಸುವುದು ಎಂದೂ ಸಾಧ್ಯವೇ ಇರಲಿಲ್ಲ. ಆ ರಾತ್ರಿ ಕರೆಂಟ್ ಹೋದಾಗ ಇನ್ನೊಂದು ಸಂಗತಿ ಗೊತ್ತಾಯಿತು: ಜನರೇಟರ್ ಲೈನ್ ದೀಪ, ಫ್ಯಾನ್, ಟಿವಿಗೆ ಮಾತ್ರ, ಗೀಸರಿಗೆ ಇಲ್ಲ. ಗುಡ್ಡಗಾಡಿನಲ್ಲಿ ರೂಮು ಹಿಡಿಯುವಾಗ ‘ಜನರೇಟರ್ ಇದೆಯೇ’ ಎಂದಷ್ಟೇ ಕೇಳಿದರೆ ಸಾಲದು, ‘ಜನರೇಟರಿನಲ್ಲಿ ಗೀಸರ್ ಓಡುತ್ತದೆಯೇ’ ಎಂದು ಕೇಳಬೇಕು. ಮಗುವಿನ ಸ್ನಾನಕ್ಕೆಂದು ಒಯ್ದಿದ್ದ ಥರ್ಮಾಮೀಟರ್ ಹಿಡಿದು ರಾತ್ರಿ 9.10ಕ್ಕೆ ಫೋಟೊ ತೆಗೆದೆವು: 29 ಡಿಗ್ರಿ.

ಈ ಒಂದು ಫೋಟೊ ಕಲಿಸಿದ ಪಾಠ ಇಡೀ ಪ್ರಕರಣಕ್ಕೆ ಬುನಾದಿ ಆಯಿತು. ‘ರೂಮು ಚೆನ್ನಾಗಿರಲಿಲ್ಲ, ಪಂಚತಾರಾ ಮಟ್ಟದ್ದಲ್ಲ’ ಎಂದು ಬರೆದರೆ ಅದು ಅಭಿಪ್ರಾಯ, ಎದುರಿನವರು ‘ನಮ್ಮ ಬೇರೆ ಅತಿಥಿಗಳಿಗೆ ಇಷ್ಟವಾಗಿದೆ’ ಎನ್ನುತ್ತಾರೆ. ‘ರಾತ್ರಿ 9.10ಕ್ಕೆ ನೀರು 29 ಡಿಗ್ರಿ, 9.14ಕ್ಕೆ ರಿಸೆಪ್ಷನ್‌ಗೆ ಫೋನ್, 10.50ರವರೆಗೆ ಯಾರೂ ಬರಲಿಲ್ಲ’ ಎಂದು ಬರೆದರೆ ಅದಕ್ಕೆ ಉತ್ತರ ಕೊಡಲೇಬೇಕು. ಬೇಸರವನ್ನು ಅಳತೆಗೆ, ಗಂಟೆಗೆ, ರೂಪಾಯಿಗೆ ಇಳಿಸಿದಷ್ಟೂ ಕೆಲಸ ಸುಲಭ.

ರಾತ್ರಿಯೇ ಡ್ಯೂಟಿ ಮ್ಯಾನೇಜರಿಗೆ ಇಮೇಲ್ ಮಾಡಿದೆವು, ರಿಸೆಪ್ಷನ್‌ಗೂ ಆ್ಯಪ್‌ನವರಿಗೂ ಪ್ರತಿ. ಬಾಯಿಮಾತಿನ ದೂರಿಗೆ ಮುಂದೆ ಬೆಲೆ ಇರುವುದಿಲ್ಲ. ಬರೆದದ್ದು ಎಂಟೇ ಸಾಲು: ಬುಕಿಂಗ್ ಸಂಖ್ಯೆ, ವಿಲ್ಲಾ ಸಂಖ್ಯೆ, ನಾಲ್ಕು ದೋಷ, ಪ್ರತಿಯೊಂದಕ್ಕೂ ಸಮಯ, ಕೊನೆಗೆ ‘ಇದೇ ದರ್ಜೆಯ ಸರಿಯಾದ ವಿಲ್ಲಾ ಕೊಡಿ, ಇಲ್ಲವೇ ಹಣ ಹಿಂದಿರುಗಿಸಿ’ ಎಂಬ ಬೇಡಿಕೆ. ಸರಿಪಡಿಸಲು ಅವಕಾಶ ಕೊಟ್ಟಿದ್ದೀರಿ ಎಂಬುದು ದಾಖಲೆಯಲ್ಲಿ ಇರಲೇಬೇಕು.

ಆ ರಾತ್ರಿ ಅಮ್ಮ ಮಂಚ ಬಿಟ್ಟು ಕಿಟಕಿ ಪಕ್ಕದ ಕುರ್ಚಿಯಲ್ಲೇ ಕೂತು ಬೆಳಗು ಮಾಡಿದರು. ಬೂಷ್ಟಿನ ವಾಸನೆಗೆ ಕೆಮ್ಮು ನಿಲ್ಲಲಿಲ್ಲ. ಬಯಲುಸೀಮೆಯಲ್ಲಿ ಮೂರು ಸಾವಿರಕ್ಕೆ ಸಿಗುವ ಸಾದಾ ಲಾಡ್ಜಿನಲ್ಲೂ ಒಣ ಗೋಡೆ, ಬಕೆಟ್ ತುಂಬ ಬಿಸಿನೀರು ಸಿಗುತ್ತದೆ. ಹದಿನೇಳು ಸಾವಿರ ಕೊಟ್ಟು ಅದೂ ಇಲ್ಲದೆ ಕೂರಬೇಕಾದಾಗ ಆಗುವ ಸಂಕಟ ದೊಡ್ಡದು. ಆದರೆ ಆರೋಗ್ಯ ಕೆಟ್ಟಿತು ಎಂದು ಪರಿಹಾರ ಕೇಳಬೇಕಾದರೆ ಅದೇ ದಿನದ್ದೋ ಮರುದಿನದ್ದೋ ವೈದ್ಯರ ಚೀಟಿ ಬೇಕು. ನಾವು ಡಾಕ್ಟರ ಬಳಿ ಹೋಗಲಿಲ್ಲ, ಮನೆಯಿಂದ ತಂದ ಇನ್‌ಹೇಲರಲ್ಲೇ ಸುಧಾರಿಸಿದರು. ಹಾಗಾಗಿ ಆ ಅಂಶವನ್ನು ದೂರಿನಲ್ಲಿ ಒತ್ತಿ ಹೇಳಲು ಆಗಲಿಲ್ಲ.

ಮರುದಿನ ಹನ್ನೊಂದಕ್ಕೆ ಬೇರೆ ರೂಮು ಕೊಟ್ಟರು. ಒಣಗಿತ್ತು, ಬಿಸಿನೀರೂ ಬಂತು. ಆದರೆ ಅದು ವಿಲ್ಲಾ ಅಲ್ಲ, ಮುಖ್ಯ ಕಟ್ಟಡದ ಡೀಲಕ್ಸ್ ರೂಮು. ಕೊಳ ಇಲ್ಲ, ಟಬ್ ಇಲ್ಲ, ಕಿಟಕಿ ಪಾರ್ಕಿಂಗ್ ಕಡೆಗೆ. ‘ಇದಕ್ಕೆ ಒಪ್ಪಿದ್ದೇವೆ’ ಎಂದು ಬರೆಸಿಕೊಳ್ಳಲು ನೋಡಿದರು. ‘ಇದು ಕೆಳದರ್ಜೆಯ ರೂಮು, ವ್ಯತ್ಯಾಸದ ಹಣ ಕೇಳುವ ಹಕ್ಕು ಉಳಿಸಿಕೊಂಡು ಇಲ್ಲಿಗೆ ಬದಲಾಗುತ್ತಿದ್ದೇವೆ’ ಎಂದು ನಾವೇ ಬರೆದು ಮೇಲ್ ಹಾಕಿದೆವು. ಅದೇ ಗಳಿಗೆಯಲ್ಲಿ ಆ್ಯಪ್ ತೆಗೆದು ಅದೇ ದಿನಾಂಕಕ್ಕೆ ಆ ಡೀಲಕ್ಸ್ ರೂಮಿನ ಬೆಲೆ ನೋಡಿದರೆ ₹8,500. ಸ್ಕ್ರೀನ್‌ಶಾಟ್ ತೆಗೆದಿಟ್ಟೆವು. ಎಂಟು ತಿಂಗಳ ನಂತರ ರಾಜಿ ಮಾತುಕತೆಯಲ್ಲಿ ಲೆಕ್ಕ ನಿಂತದ್ದು ಈ ಒಂದು ಚಿತ್ರದ ಮೇಲೆ.

ಚೆಕ್-ಔಟ್ ಬಿಲ್ಲಿನ ಬಗ್ಗೆ ಮೂರು ವಿಷಯ. ರೆಸ್ಟೋರೆಂಟ್ ಬಿಲ್ ₹6,120. ಅದರ ಮೇಲೆ 10% ಸೇವಾಶುಲ್ಕ ₹612, ಅದೆರಡೂ ಸೇರಿದ ಮೊತ್ತದ ಮೇಲೆ 18% ಜಿಎಸ್‌ಟಿ. ರೂಮಿನ ಬಾಡಿಗೆ ₹7,500 ದಾಟುವ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ 18% ತೆರಿಗೆ ಇರುವುದರಿಂದ ಅದರ ಬಗ್ಗೆ ಜಗಳ ಬೇಡ. ಸೇವಾಶುಲ್ಕ ಬೇರೆ ಮಾತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿ ಪ್ರಕಾರ ಅದನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಇದನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದರೆ ‘ಸಿಸ್ಟಮ್‌ನಲ್ಲಿ ತೆಗೆಯಲು ಬರುವುದಿಲ್ಲ’ ಎಂದರು. ಹಣ ಕೊಟ್ಟು, ಬಿಲ್ಲಿನ ಅವರ ಪ್ರತಿಯ ಮೇಲೆ ‘ಸೇವಾಶುಲ್ಕಕ್ಕೆ ಆಕ್ಷೇಪಣೆ ಇದೆ’ ಎಂದು ಬರೆದು ಸಹಿ ಮಾಡಿ ಫೋಟೊ ತೆಗೆದುಕೊಂಡೆವು. ಮೂರನೆಯದು ನೀರಿನ ಬಾಟಲಿ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡಿದ್ದರು. ಇದನ್ನು ದೂರಿಗೆ ಸೇರಿಸಲು ಹೋಗಬೇಡಿ. ಹೋಟೆಲಿನಲ್ಲಿ ಕೂತು ಕುಡಿಯುವುದು ಬರಿಯ ಮಾರಾಟವಲ್ಲ, ಅದರಲ್ಲಿ ಸೇವೆಯೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಸೋಲುವ ಅಂಶವನ್ನು ಸೇರಿಸಿದರೆ ಗೆಲ್ಲುವ ಅಂಶಗಳ ತೂಕವೂ ಇಳಿಯುತ್ತದೆ.

ಹೊರಡುವಾಗ ಮ್ಯಾನೇಜರ್ ಬಂದು, ಊಟದ ಬಿಲ್ಲಿನಲ್ಲಿ ₹3,000 ಬಿಡುತ್ತೇವೆ ಎಂದು ಒಂದು ಫಾರಂ ಮುಂದಿಟ್ಟರು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಲ್ಲ ದೂರುಗಳು ತೃಪ್ತಿಕರವಾಗಿ ಇತ್ಯರ್ಥವಾಗಿವೆ’ ಎಂದಿತ್ತು. ಸಹಿ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮಗು ಅಳುತ್ತಿರುತ್ತದೆ, ಡ್ರೈವರ್ ಕಾಯುತ್ತಿರುತ್ತಾನೆ, ಆ ಗಡಿಬಿಡಿಯಲ್ಲೇ ಇಂಥ ಕಾಗದ ಮುಂದೆ ಬರುತ್ತದೆ. ಓದದೆ ಸಹಿ ಹಾಕಬೇಡಿ.

ಮನೆಗೆ ಬಂದ ಮೇಲಿನ ಮೊದಲ ಆರು ವಾರ ಚೆಂಡಾಟ. ಆ್ಯಪ್‌ನವರು ‘ಹೋಟೆಲ್ ಒಪ್ಪಿದರೆ ಮಾತ್ರ ರೀಫಂಡ್’ ಎಂದರು. ಹೋಟೆಲಿನವರು ‘ಹಣ ತೆಗೆದುಕೊಂಡದ್ದು ಆ್ಯಪ್, ಅವರನ್ನೇ ಕೇಳಿ’ ಎಂದರು. ಆ್ಯಪ್‌ನ ಗ್ರಾಹಕ ಸಹಾಯವಾಣಿಯಲ್ಲಿ ಪ್ರತಿ ಸಲ ಹೊಸಬರು, ಪ್ರತಿ ಸಲ ಮೊದಲಿನಿಂದ ಹೇಳಬೇಕು. ಇಲ್ಲಿ ಹತ್ತು ದಿನ ವ್ಯರ್ಥ ಮಾಡಿದೆವು. ನೇರವಾಗಿ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಬರೆಯಬೇಕಿತ್ತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರ ಹೆಸರು, ಸಂಪರ್ಕ ವೆಬ್‌ಸೈಟಿನಲ್ಲಿ ಇರಲೇಬೇಕು. 48 ಗಂಟೆಯೊಳಗೆ ದೂರು ಮುಟ್ಟಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಬರೆದ ಮೇಲೆ ₹2,000ದ ವೋಚರ್ ಕೊಡಲು ಮುಂದೆ ಬಂದರು. ಬೇಡ ಎಂದೆವು.

ಈ ನಡುವೆ ರೆಸಾರ್ಟಿನವರು ತಮ್ಮ ವೆಬ್‌ಸೈಟಿನಿಂದ ವಿಲ್ಲಾದ ವಿವರಣೆ ಬದಲಿಸಿದರು, ‘ಕಣಿವೆ ನೋಟ’ ಹೋಗಿ ‘ತೋಟದ ನೋಟ’ ಬಂತು. ಬುಕ್ ಮಾಡಿದ ದಿನವೇ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಂಡಿದ್ದರೆ ಚಿಂತೆಯೇ ಇರುತ್ತಿರಲಿಲ್ಲ. ನಾವು ಇಟ್ಟುಕೊಂಡಿರಲಿಲ್ಲ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪುಟದ ಪ್ರತಿ ಸಿಕ್ಕಿದ್ದು ಅದೃಷ್ಟ, ಎಲ್ಲ ಪುಟಗಳೂ ಅಲ್ಲಿ ಇರುವುದಿಲ್ಲ.

ಆಮೇಲೆ 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಫೋನ್ ಎತ್ತಿದವರು ತಾಳ್ಮೆಯಿಂದ ಕೇಳಿ ಡಾಕೆಟ್ ಸಂಖ್ಯೆ (ದೂರಿನ ಸಂಖ್ಯೆ) ಕೊಟ್ಟರು, ಸಮಾಧಾನ ಆಯಿತು. ಇದು ನ್ಯಾಯಾಲಯವಲ್ಲ, ಕಂಪನಿಗೆ ದೂರು ತಲುಪಿಸಿ ಉತ್ತರ ತರಿಸುವ ವ್ಯವಸ್ಥೆ. ಸಣ್ಣ ಮೊತ್ತದ ರೀಫಂಡುಗಳು ಇಲ್ಲೇ ಬಗೆಹರಿಯುವುದುಂಟು. ನಮ್ಮದರಲ್ಲಿ ‘ಅತಿಥಿಗೆ ಬದಲಿ ರೂಮು ಕೊಡಲಾಗಿದೆ’ ಎಂದು ಉತ್ತರ ಬಂದು ದೂರು ಮುಕ್ತಾಯವಾಯಿತು. ಆ ಉತ್ತರವನ್ನು ಉಳಿಸಿಕೊಳ್ಳಿ. ಮೊದಲ ರೂಮು ಸರಿ ಇರಲಿಲ್ಲ ಎಂಬುದಕ್ಕೆ ಅದರಲ್ಲೇ ಅವರ ಒಪ್ಪಿಗೆ ಇದೆ.

ಜನವರಿಯಲ್ಲಿ ನಾವೇ ಬರೆದ ನೋಟಿಸ್, 15 ದಿನ ಗಡುವು, ಸ್ಪೀಡ್ ಪೋಸ್ಟ್. ಕಾನೂನಿನಲ್ಲಿ ನೋಟಿಸ್ ಕಡ್ಡಾಯವಲ್ಲ, ಆದರೂ ಗ್ರಾಹಕ ಆಯೋಗದವರು (ಗ್ರಾಹಕರ ದೂರು ವಿಚಾರಿಸುವ ನ್ಯಾಯಾಲಯದವರು) ಮೊದಲು ಕೇಳುವುದು ಅದನ್ನೇ. ಇಲ್ಲಿ ದೊಡ್ಡ ತೊಡಕು ಎದುರಾಯಿತು. ಯಾರ ಹೆಸರಿಗೆ ಕಳಿಸುವುದು? ಬೋರ್ಡಿನ ಮೇಲಿರುವುದು ವ್ಯಾಪಾರದ ಹೆಸರು, ಮಾಲೀಕ ಸಂಸ್ಥೆ ಬೇರೆಯೇ. ಮೊದಲ ನೋಟಿಸ್ ಬೋರ್ಡಿನ ಹೆಸರಿಗೆ ಹೋಗಿ ವಾಪಸ್ ಬಂತು. ಉಪಾಯ ಬಿಲ್ಲಿನಲ್ಲೇ ಇದೆ: ಜಿಎಸ್‌ಟಿ ಪೋರ್ಟಲ್‌ಗೆ ಹೋಗಿ, ಲಾಗಿನ್ ಇಲ್ಲದೆಯೇ, ಬಿಲ್ಲಿನ 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಹಾಕಿದರೆ ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ವಿಳಾಸ ಮೂರೂ ಬರುತ್ತವೆ. ಕರ್ನಾಟಕದ್ದಾದರೆ ಸಂಖ್ಯೆ 29ರಿಂದ ಶುರುವಾಗುತ್ತದೆ. ಅದಕ್ಕೇ ಹೇಳುವುದು, ಬರಿಯ ಕಾರ್ಡ್ ರಸೀದಿ ಸಾಲದು, ಜಿಎಸ್‌ಟಿ ಇನ್‌ವಾಯ್ಸ್ ಕೇಳಿ ಪಡೆಯಿರಿ.

ನೋಟಿಸಿಗೆ ಉತ್ತರ ಬರಲಿಲ್ಲ. ಫೆಬ್ರುವರಿ ಕೊನೆಯಲ್ಲಿ ಗ್ರಾಹಕ ದೂರುಗಳ ಸರ್ಕಾರಿ ತಾಣವಾದ ಇ-ಜಾಗೃತಿ ಪೋರ್ಟಲ್‌ನಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಿದೆವು. ಗ್ರಾಹಕ ರಕ್ಷಣಾ ಕಾಯ್ದೆ 2019ರಲ್ಲಿ ಸಾಮಾನ್ಯರಿಗೆ ಅನುಕೂಲವಾದ ಕೆಲವು ಸಂಗತಿಗಳಿವೆ. ರೆಸಾರ್ಟ್ ಎಲ್ಲೇ ಇರಲಿ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಾವು ಕೊಟ್ಟದ್ದು ಮೈಸೂರಿನಲ್ಲಿ. ಕೊಟ್ಟ ಹಣ ₹5 ಲಕ್ಷ ದಾಟದಿದ್ದರೆ ಶುಲ್ಕವೇ ಇಲ್ಲ. ಘಟನೆ ನಡೆದು ಎರಡು ವರ್ಷದೊಳಗೆ ಸಲ್ಲಿಸಬೇಕು. ಜಿಲ್ಲಾ ಆಯೋಗದ ಮಿತಿ ₹50 ಲಕ್ಷ, ಅದೂ ನೀವು ಕೊಟ್ಟ ಹಣದ ಲೆಕ್ಕದಲ್ಲಿ, ಕೇಳುವ ಪರಿಹಾರದ ಲೆಕ್ಕದಲ್ಲಿ ಅಲ್ಲ.

ಒಂದು ಎಚ್ಚರಿಕೆ. ಬುಕಿಂಗ್‌ನಲ್ಲಿ ‘ಹಣ ಹಿಂದಿರುಗಿಸಲಾಗದು’ ಎಂಬ ಷರತ್ತು ಇರುತ್ತದೆ. ಅದನ್ನು ‘ಅನ್ಯಾಯದ ಒಪ್ಪಂದ’ ಎಂದು ಪ್ರಶ್ನಿಸುವ ಆಸೆ ಬರುತ್ತದೆ. ಆ ದೂರು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ನಮ್ಮ ಮೊದಲ ಕರಡಿನಲ್ಲಿ ಆ ಪದ ಇತ್ತು, ಪರಿಚಯದ ಹಿರಿಯರೊಬ್ಬರು ನೋಡಿ ತೆಗೆಸಿದರು. ‘ಸೇವಾ ನ್ಯೂನತೆ’ ಮತ್ತು ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಎರಡೇ ಆಧಾರ ಸಾಕು. ಷರತ್ತು ಇರುವುದು ನೀವು ರದ್ದು ಮಾಡಿದರೆ ಎಂಬುದಕ್ಕೆ, ಅವರು ಹೇಳಿದ್ದನ್ನು ಕೊಡದಿದ್ದರೆ ಎಂಬುದಕ್ಕಲ್ಲ.

ಅಪ್‌ಲೋಡ್ ಮಾಡಿದ್ದು: ದೂರು ಆರು ಪುಟ, ದಿನಾಂಕಗಳ ಪಟ್ಟಿ ಒಂದು ಪುಟ, ನೋಟರಿ ಮಾಡಿಸಿದ ಅಫಿಡವಿಟ್, ಆಧಾರ್, ಬುಕಿಂಗ್ ವೋಚರ್, ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲು, ಇನ್‌ವಾಯ್ಸ್, ಇಮೇಲ್‌ಗಳು, 14 ಫೋಟೊ, ನೋಟಿಸ್ ಮತ್ತು ಅದರ ಟ್ರ್ಯಾಕಿಂಗ್ ಪುಟ. ಎದುರುದಾರರು ಇಬ್ಬರು: ಮಾಲೀಕ ಸಂಸ್ಥೆ, ಬುಕಿಂಗ್ ಆ್ಯಪ್. ಇಬ್ಬರನ್ನೂ ಸೇರಿಸದಿದ್ದರೆ ಚೆಂಡಾಟ ಆಯೋಗದಲ್ಲೂ ಮುಂದುವರಿಯುತ್ತದೆ. ಫೋಟೊಗಳ ಮೂಲ ಫೈಲ್ ಫೋನಿನಲ್ಲೇ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದ ಪ್ರತಿಯಲ್ಲಿ ತೆಗೆದ ಸಮಯ, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರಂತೆ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕೊಡಬೇಕಾದ ಪ್ರಮಾಣಪತ್ರ ಲಗತ್ತಿಸಿದೆವು. ಯಾವ ಫೋನಿನಲ್ಲಿ ತೆಗೆದದ್ದು, ಫೈಲಿನ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು) ಏನು ಎಂಬುದನ್ನು ಅದರಲ್ಲಿ ತುಂಬಬೇಕು.

ನಾಲ್ಕನೇ ದಿನ ‘ನ್ಯೂನತೆ ಇದೆ’ ಎಂದು ಫೈಲ್ ವಾಪಸ್. ಪುಟಸಂಖ್ಯೆ ನಿರಂತರವಾಗಿಲ್ಲ, ಮೂರು ಫೋಟೊ ಮಸುಕು, ಎರಡನೇ ಎದುರುದಾರರ ಪಿನ್‌ಕೋಡ್ ತಪ್ಪು. ಸರಿಪಡಿಸಿ ಹಾಕಿದ ಮೇಲೆ ಕಾಗದದ ಪ್ರತಿಯನ್ನೂ ಕೇಳಿದರು, ಎಲ್ಲ ಸೇರಿ ಐದು ಸೆಟ್. ಅಲ್ಲಿನ ಗುಮಾಸ್ತರು ದಾಖಲೆಗಳ ವಿಷಯಸೂಚಿ ಹೇಗಿರಬೇಕೆಂದು ಕೂರಿಸಿ ತೋರಿಸಿದರು. ಸಂಕೋಚವಿಲ್ಲದೆ ಕೇಳಿ, ಹೇಳಿಕೊಡುತ್ತಾರೆ.

ಅಂಗೀಕಾರ ಆದದ್ದು ಮಾರ್ಚ್‌ನಲ್ಲಿ. ಎದುರುದಾರರು ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಹೋಟೆಲಿನವರು 41ನೇ ದಿನ ಉತ್ತರ ಕೊಟ್ಟರು: ಬೂಷ್ಟು ‘ಪ್ರಕೃತಿ ಸಹಜ’, ಫೋಟೊಗಳು ತಿದ್ದಿದವು, ಅತಿಥಿಗಳು ಎರಡನೇ ರಾತ್ರಿಯೂ ಉಳಿದದ್ದರಿಂದ ಅವರಿಗೆ ತೃಪ್ತಿಯಾಗಿದೆ. ಓದಿ ಮೈ ಉರಿಯಿತು. ಇದಕ್ಕೆ ಉತ್ತರವಾಗಿ ಹೊಸದೇನೂ ಬರೆಯಲಿಲ್ಲ. ಆ ರಾತ್ರಿಯ ಇಮೇಲ್, ಮರುದಿನದ ಇಮೇಲ್, ಗೀಸರಿನ ಲೆಕ್ಕ ಮೂರನ್ನೂ ಅಫಿಡವಿಟ್ ರೂಪದ ಸಾಕ್ಷ್ಯವಾಗಿ ಕೊಟ್ಟೆವು. 15 ಲೀಟರ್ ಗೀಸರಿನಿಂದ ಟಬ್ ತುಂಬುವುದು ಹೇಗೆ ಎಂದು ಆಯೋಗದ ಅಧ್ಯಕ್ಷರು ಕೇಳಿದಾಗ ಹೋಟೆಲಿನ ವಕೀಲರು ವಾಯಿದೆ ಕೇಳಿದರು.

ಜುಲೈನಲ್ಲಿ ಮಧ್ಯಸ್ಥಿಕೆಗೆ ಹೋಗುತ್ತೀರಾ ಎಂದು ಆಯೋಗ ಕೇಳಿತು. ಎರಡೂ ಕಡೆಯವರು ಲಿಖಿತ ಒಪ್ಪಿಗೆ ಕೊಡಬೇಕು. ಒಪ್ಪುವುದೋ ಬೇಡವೋ ಎಂದು ಮನೆಯಲ್ಲಿ ಎರಡು ದಿನ ಚರ್ಚೆ. ನಾವು ಕೇಳಿದ್ದು ರೂಮಿನ ಪೂರ್ತಿ ಹಣ, ₹25,000 ಪರಿಹಾರ, ₹10,000 ಖರ್ಚು. ಪೂರ್ತಿ ವಿಚಾರಣೆ ನಡೆಸಿ ಗೆದ್ದರೂ ಅವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಅದಕ್ಕೆ ಆದೇಶದ ಅರ್ಧ ಹಣ ಠೇವಣಿ ಇಡಬೇಕು ಎಂಬುದೊಂದು ತಡೆ, ಆದರೆ ಕಾಲ ಮತ್ತೆ ಎಳೆಯುತ್ತದೆ. ಒಪ್ಪಿದೆವು.

ಮಧ್ಯಸ್ಥರ ಎದುರು ಎರಡು ಬೈಠಕ್. ಹೋಟೆಲಿನವರ ಮೊದಲ ಪ್ರಸ್ತಾಪ, ಅದೇ ರೆಸಾರ್ಟಿನಲ್ಲಿ ಉಚಿತವಾಗಿ ಎರಡು ರಾತ್ರಿ. ಅಮ್ಮ ಬೇಡವೇ ಬೇಡ ಎಂದರು. ಎರಡನೆಯದು, ಅರ್ಧ ಹಣ. ಆಗ ಲೆಕ್ಕವನ್ನು ಮೇಜಿನ ಮೇಲಿಟ್ಟೆವು. ಮೊದಲ ರಾತ್ರಿ ಬಳಸಲು ಯೋಗ್ಯವಿಲ್ಲದ ವಿಲ್ಲಾ, ಪೂರ್ತಿ ₹17,110. ಎರಡನೇ ರಾತ್ರಿ ₹14,500 ಮತ್ತು ₹8,500ರ ವ್ಯತ್ಯಾಸ ₹6,000, ಅದರ ಜಿಎಸ್‌ಟಿ ₹1,080, ಒಟ್ಟು ₹7,080. ಸೇವಾಶುಲ್ಕ ₹612, ಅದರ ಮೇಲಿನ ತೆರಿಗೆ ₹110, ಒಟ್ಟು ₹722. ಕೂಡಿದರೆ ₹24,912. ಖರ್ಚಿಗೆ ₹5,000. ಪರಿಹಾರದ ಮೊತ್ತ ಬಿಟ್ಟುಕೊಟ್ಟೆವು. ಸುತ್ತುಸಂಖ್ಯೆ ಹೇಳಿದ್ದರೆ ಚೌಕಾಸಿ ನಡೆಯುತ್ತಿತ್ತು. ಪ್ರತಿ ರೂಪಾಯಿಗೂ ಒಂದು ಕಾಗದ ಇದ್ದದ್ದರಿಂದ ಮಧ್ಯಸ್ಥರು ಆ ಅಂಕಿಯನ್ನೇ ಹಿಡಿದು ಮಾತಾಡಿದರು.

ಕೈಯಿಂದ ಆದ ಖರ್ಚು: ಸ್ಟ್ಯಾಂಪ್ ಕಾಗದ ಮತ್ತು ನೋಟರಿ ₹600, ಜೆರಾಕ್ಸ್ ಮತ್ತು ಬೈಂಡಿಂಗ್ ₹480, ಕಲರ್ ಪ್ರಿಂಟ್ ₹300, ಅಂಚೆ ₹190. ಒಟ್ಟು ₹1,570. ಖುದ್ದಾಗಿ ಹೋದದ್ದು ಐದು ಸಲ, ಎರಡು ವಾಯಿದೆ ವಿಡಿಯೊ ಮೂಲಕ. ಅರ್ಜಿ ಕೊಟ್ಟರೆ ವಿಡಿಯೊ ವಿಚಾರಣೆಗೆ ಅವಕಾಶವಿದೆ, ಕೆಲಸಕ್ಕೆ ರಜೆ ಸಿಗದವರು ಇದನ್ನು ಮೊದಲೇ ಕೇಳಿ.

ರಾಜಿಪತ್ರಕ್ಕೆ ಸಹಿ ಹಾಕುವಾಗ ಎರಡು ಸಾಲು ಸೇರಿಸಿದೆವು: ಹಣ 15 ದಿನದೊಳಗೆ ಬ್ಯಾಂಕ್ ಖಾತೆಗೆ ಬರಬೇಕು, ತಪ್ಪಿದರೆ ಅಂದಿನಿಂದ ವರ್ಷಕ್ಕೆ 9% ಬಡ್ಡಿ. ಆಯೋಗ ಅದನ್ನು ಆದೇಶದಲ್ಲಿ ದಾಖಲಿಸಿತು. ಆದೇಶದ ಪ್ರಮಾಣೀಕೃತ ಪ್ರತಿ ಪಡೆದುಕೊಳ್ಳಿ. ಹಣ ಬರದಿದ್ದರೆ ಗ್ರಾಹಕ ರಕ್ಷಣಾ ಕಾಯ್ದೆಯ ಸೆಕ್ಷನ್ 71ರಲ್ಲಿ ಜಾರಿ ಅರ್ಜಿ, ಸೆಕ್ಷನ್ 72ರಲ್ಲಿ ದಂಡ ಮತ್ತು ಸೆರೆವಾಸದ ಕ್ರಮಕ್ಕೆ ಆ ಪ್ರತಿಯೇ ಆಧಾರ. ನಮಗೆ ಅದರ ಅಗತ್ಯ ಬೀಳಲಿಲ್ಲ, ಹದಿಮೂರನೇ ದಿನ ಬ್ಯಾಂಕಿನ ಎಸ್‌ಎಂಎಸ್ ಬಂತು. ಆ್ಯಪ್‌ನಲ್ಲಿ ಆ ರೆಸಾರ್ಟಿನ ಐದು ನಕ್ಷತ್ರ ಇನ್ನೂ ಹಾಗೇ ಇದೆ. ವರ್ಗೀಕರಣ ಇಲ್ಲದೆ ಪಂಚತಾರಾ ಎಂದು ಜಾಹೀರಾತು ಮಾಡುತ್ತಿರುವ ಬಗ್ಗೆ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಪ್ರತ್ಯೇಕ ದೂರನ್ನು ಮೊನ್ನೆ ಸೋಮವಾರ ಕಳಿಸಿದ್ದೇವೆ.